ಊಟಕ್ಕೆ ಹೋದ ಟ್ರಾಫಿಕ್ಕು

ನಮ್ಮಪ್ಪನ ಲೆಕ್ಕದಲ್ಲಿ ಜೋಳದ ರೊಟ್ಟಿಗೆ ಜೀವ ಇರುವುದು ಹಂಚಿನಿಂದ ತಾಟಿಗೆ ಬರುವ ತನಕ ಮಾತ್ರ. ನಡುವೆ ಅದು ಎಲ್ಲೂ ನಿಲ್ಲಬಾರದು. ಒಂದು ಸಲ ನಾನು ನಾಂಪಲ್ಲಿಯ ಎಕ್ಸಿಬಿಷನ್ನಿನಿಂದ ಬಿಸಿ ಹಿಡಿದಿಡುವ ದೊಡ್ಡ ಡಬ್ಬಿಯೊಂದನ್ನು ಹೊತ್ತು ತಂದೆ. ಅಪ್ಪ ಅದರೊಳಗಿನ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, “ಇದು ಬೆವತೈತಿ. ಬೆವತ ರೊಟ್ಟಿ ನಾ ತಿನ್ನಂಗಿಲ್ಲ,” ಎಂದ. ಅಂದಿನಿಂದ ಡಬ್ಬಿ ಅವ್ವನದಾಯಿತು. ಅಪ್ಪ ಉಂಡು ಕೈ ತೊಳೆದು, ನಾನು ಉಂಡು ಎದ್ದು, ಗ್ಯಾಸ್ ಆರಿಸಿದ ಮೇಲೆ ಅವ್ವ ಕೂತು ಆ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದಳು.

ಅಪ್ಪ ಗದಗಿನ ಕಡೆಯಿಂದ ಹೈದರಾಬಾದಿಗೆ ಬಂದದ್ದು ಕುಷಾಯಿಗೂಡದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರಿಗೆ. ಅವ್ವ ಬಂದದ್ದು ಅವನಿಗೆ ರೊಟ್ಟಿ ಬಡಿಯಲಿಕ್ಕೆ. ಅಪ್ಪ ರಿಟೈರ್ ಆದ, ಹಾರ ಹಾಕಿಸಿಕೊಂಡು ಗೋಡೆ ಗಡಿಯಾರ ತಂದ. ಅವ್ವನಿಗೆ ಯಾರೂ ಹಾರ ಹಾಕಲಿಲ್ಲ, ಯಾಕೆಂದರೆ ಅವಳು ರಿಟೈರ್ ಆಗಲೇ ಇಲ್ಲ. ಬಲಗೈ ಮಣಿಕಟ್ಟು ಊದಿಕೊಂಡು, ಡಾಕ್ಟರು “ಕೈಗೆ ವಿಶ್ರಾಂತಿ ಕೊಡಿ” ಎಂದಾಗ ಅಪ್ಪ ಬಹಳ ಮರುಗಿದ. ಮರುಗಿ, ಹಚ್ಚಿಕೊಳ್ಳಲು ಒಂದು ಮುಲಾಮು ತಂದುಕೊಟ್ಟು, “ಹಚ್ಕೊ, ಆಮ್ಯಾಲೆ ಹಿಟ್ಟು ನಾದು,” ಎಂದ. ಕೆಲಸದವಳನ್ನು ಇಡೋಣವೆಂದರೆ ಬೇರೆಯವರ ಕೈಯ ರೊಟ್ಟಿ ಅವನಿಗೆ ಸೇರುತ್ತಿರಲಿಲ್ಲ. ನಾನೂ ಒಮ್ಮೆ ಬಡಿದು ನೋಡಿದೆ. ಅಪ್ಪ ಅದನ್ನು ಮುಟ್ಟದೆ, ಇದನ್ನು ಸ್ಕೂಟರಿನ ಹಿಂದೆ ಸ್ಟೆಪ್ನಿಯಾಗಿ ಕಟ್ಟಬಹುದು ಎಂದ.

ನಾನಾಗ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿದ್ದೆ. ಐಟಿಯ ಸುಗ್ಗಿ ಕಾಲ ಅದು, ಗಾಜಿನ ಕಟ್ಟಡಗಳು ದಿನ ಬೆಳಗಾದರೆ ಏಳುತ್ತಿದ್ದವು. ಗಚ್ಚಿಬೌಲಿ ಎಂದರೆ ಸಾಕು, ಬಂಧುಗಳೆಲ್ಲ ನನ್ನನ್ನು ಸಾಫ್ಟ್‌ವೇರಿನವಳು ಎಂದುಕೊಂಡು ಗಂಡು ಹುಡುಕತೊಡಗುತ್ತಿದ್ದರು. ಎಲ್ಲಿಯ ಸಾಫ್ಟ್‌ವೇರು! ನಾನಿದ್ದದ್ದು ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿ. ಯಾರ ಕ್ಯಾಬ್ ಎಲ್ಲಿ ಸಿಕ್ಕಿಬಿದ್ದಿದೆ, ಯಾವ ಡ್ರೈವರು ಫೋನ್ ಎತ್ತುತ್ತಿಲ್ಲ, ಯಾವ ಮೇಡಮ್ಮು ಗೇಟಿನಲ್ಲಿ ನಿಂತು ಉರಿಯುತ್ತಿದ್ದಾಳೆ, ಇದೇ ನನ್ನ ವಿದ್ಯೆ. ಹೈದರಾಬಾದಿನ ಯಾವ ಫ್ಲೈಓವರು ಎಷ್ಟು ಕಟ್ಟಿ ನಿಂತಿದೆ ಎಂದು ಕಟ್ಟುವವರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ದಿನವಿಡೀ ಟ್ರಾಫಿಕ್ಕಿನ ಬಗ್ಗೆ ಬೈಸಿಕೊಂಡು, ಅದೇ ಟ್ರಾಫಿಕ್ಕಿನಲ್ಲಿ ಕೂತು ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದೆ.

ನಮ್ಮ ಗಲ್ಲಿಯಲ್ಲಿ ಮಾತ್ರ ಟ್ರಾಫಿಕ್ ಎಂಬುದೇ ಇರಲಿಲ್ಲ. ಇದ್ದವರೆಲ್ಲ ಕಾರ್ಖಾನೆಯ ರಿಟೈರ್ಡ್ ಮಂದಿ. ಬೆಳಿಗ್ಗೆ ಹಾಲಿನವನು, ಹತ್ತಕ್ಕೆ ತರಕಾರಿ ಗಾಡಿ, ಮಧ್ಯೆ ಒಂದು ನಾಯಿ. ಆ ನಾಯಿ ರಸ್ತೆಯ ನಟ್ಟನಡುವೆ ಮಲಗುತ್ತಿತ್ತು, ಎದ್ದೇಳುವ ಪ್ರಸಂಗ ಬರುತ್ತಲೇ ಇರಲಿಲ್ಲ.

ಇಂಥ ಗಲ್ಲಿಯ ಕೊನೆಗೆ, ನೀರಿನ ಟ್ಯಾಂಕಿನ ಹಿಂದಿನ ಬಯಲಲ್ಲಿ ಒಂದು ಬೋರ್ಡು ಎದ್ದಿತು. ಅರವತ್ತು ದಾಟಿದವರಿಗೆಂದೇ ಕಟ್ಟುವ ಮನೆಗಳಂತೆ. ಲಿಫ್ಟು, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು, ಕರೆದರೆ ಬರುವ ನರ್ಸು. ಬೋರ್ಡಿನ ಚಿತ್ರದಲ್ಲಿ ಬೆಳ್ಳಿಕೂದಲಿನ ಗಂಡಹೆಂಡಿರು ಹಲ್ಲುಬಿಟ್ಟು ನಗುತ್ತಿದ್ದರು, ಇಬ್ಬರ ಹಲ್ಲೂ ಪೂರ್ತಿ ಇದ್ದವು. ಅವ್ವ ಕೊತ್ತಂಬರಿ ತರುವ ನೆಪದಲ್ಲಿ ಸೈಟ್ ಆಫೀಸಿಗೆ ಹೋಗಿ, ಅಲ್ಲಿನ ಹುಡುಗಿಯ ಹತ್ತಿರ ಎಲ್ಲ ಕೇಳಿಕೊಂಡು ಬಂದಳು. ಕೊತ್ತಂಬರಿ ತರಲಿಲ್ಲ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ.

“ಅಲ್ಲಿ ಅಡಗಿಮನೀನ ಇಲ್ಲಂತವಾ!” ಎಂದಳು, ನನ್ನ ಕೈ ಹಿಡಿದುಕೊಂಡು. “ಬರೇ ಚಾ ಕಾಸೋವಷ್ಟು ಒಂದು ಕಟ್ಟಿ. ಊಟ ಎಲ್ಲಾರಿಗೂ ಕೂಡೇ, ದೊಡ್ಡ ಹಾಲ್‌ನ್ಯಾಗ. ನಾವು ಹೋಗಿ ಕುಂದರೂದು, ಅವರು ತಂದು ಹಾಕೂದು. ತಂದು ಹಾಕೂದವಾ!”

“ರೊಟ್ಟಿನೂ?”

“ರೊಟ್ಟಿ ತಿನ್ನೋರು ಇದ್ರ ರೊಟ್ಟಿನೂ ಮಾಡಸ್ತೀವಿ ಅಂದ್ಲು ಆ ಹುಡುಗಿ. ನಾ ಅಂದೆ, ಅದಾರವಾ, ಒಬ್ಬರು ಭಾಳ ಜೋರ್ ಅದಾರ.”

ಆ ಭಾಳ ಜೋರಿನವರು ಹೊರಗೆ ಪೇಪರು ಓದುತ್ತಾ ಎಲ್ಲ ಕೇಳಿಸಿಕೊಂಡಿದ್ದರು. “ಮುದುಕರ ಹಾಸ್ಟೆಲ್ಲು!” ಎಂದು ಅಲ್ಲಿಂದಲೇ ಗುಡುಗಿದ ಅಪ್ಪ. “ಯಾರು ಹೋಗ್ತಾರ ಅಲ್ಲಿ? ಆ ಮುದುಕರೆಲ್ಲಾ ಬಂದು ತುಂಬಿದ್ರ ಈ ಗಲ್ಲ್ಯಾಗ ಟ್ರಾಫಿಕ್ಕು ಏನಾಗಬೇಕು?” ಅಪ್ಪನಿಗೆ ಆಗ ಅರವತ್ತೈದು ತುಂಬಿತ್ತು. ಹೇಳಿದರೆ ನನ್ನನ್ನೇ ನುಂಗುತ್ತಿದ್ದ. ಅವ್ವ ಹಿಟ್ಟು ನಾದಲು ಹೋದಳು.

ಹದಿನೈದು ದಿನದಲ್ಲಿ ಇಡೀ ಕಾಲೊನಿಗೆ ಟ್ರಾಫಿಕ್ಕಿನ ಚಿಂತೆ ಹತ್ತಿತು. ಅಸೋಸಿಯೇಷನ್ ಮೀಟಿಂಗು ನಮ್ಮ ಮನೆಯ ಟೆರೇಸಿನ ಮೇಲೆಯೇ ನಡೆಯಿತು. ಸೆಕ್ರೆಟರಿ ಎಂದರೆ ಪಕ್ಕದ ಮನೆಯ ತೆಲುಗು ಅಂಕಲ್ಲು. ಕಾರ್ಖಾನೆಯಲ್ಲಿ ಅವರೂ ಅಪ್ಪನೂ ಇನ್‌ಸ್ಪೆಕ್ಷನ್ ವಿಭಾಗದವರು, ಹೀಗಾಗಿ ಜಗತ್ತಿನ ಯಾವ ವಸ್ತುವನ್ನೂ ಮೊದಲ ನೋಟಕ್ಕೆ ಪಾಸು ಮಾಡಿದವರಲ್ಲ. ಮುದುಕರು ಬಂದರೆ ಏನೇನು ಅನಾಹುತ ಎಂದು ಒಬ್ಬೊಬ್ಬರೇ ಎದ್ದು ಹೇಳಿದರು. ಮುದುಕರು ರಸ್ತೆ ನಡುವೆ ನಿಂತು ಹರಟೆ ಹೊಡೆಯುತ್ತಾರೆ. ಹಾರ್ನ್ ಹೊಡೆದರೆ ಕೇಳಿಸುವುದಿಲ್ಲ. ಸ್ಕೂಟರಿನ ಇಂಡಿಕೇಟರ್ ಹಾಕಿ ಮರೆತುಬಿಡುತ್ತಾರೆ. ಈ ಕೊನೆಯ ಮಾತು ನಮ್ಮಪ್ಪನದು. ಕೆಳಗೆ ಗೇಟಿನ ಹತ್ತಿರ ಅವನ ಸ್ಕೂಟರು ಕೀಲಿ ಸಮೇತ ನಿಂತು, ಎಡಗಡೆಯ ಇಂಡಿಕೇಟರನ್ನು ಮಿಣುಕಿಸುತ್ತಿತ್ತು. ನಾನು ಚಹಾದ ತಟ್ಟೆಯೊಂದಿಗೆ ಮೆಟ್ಟಿಲಿಳಿದು ಹೋಗಿ, ಅದನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಮನೆಗಳಿಗೆ ಪರವಾನಗಿ ಕೊಡಬಾರದೆಂದು ಆಕ್ಷೇಪಣೆಯ ಅರ್ಜಿ ಹೋಯಿತು. ಅದಕ್ಕೆ ಉತ್ತರವಾಗಿ ನಾಂಪಲ್ಲಿಯ ಕಡೆಯ ಕಚೇರಿಯೊಂದರಿಂದ ಒಬ್ಬ ಸಾಹೇಬರು ಸ್ಥಳ ನೋಡಲು ಬರುತ್ತಾರೆ, ಬೆಳಿಗ್ಗೆ ಹತ್ತೂವರೆಗೆ ಎಂದು ಗೊತ್ತಾಯಿತು. ಈಗ ಫಜೀತಿ ಶುರುವಾಯಿತು. ರಸ್ತೆ ಇಕ್ಕಟ್ಟು, ವಾಹನಗಳ ದಟ್ಟಣೆ ವಿಪರೀತ ಎಂದು ಬರೆದುಕೊಟ್ಟಾಗಿದೆ. ಸಾಹೇಬರು ಬಂದಾಗ ನಾಯಿ ಮಲಗಿದ್ದರೆ?

ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡ. “ನೋಡವಾ, ನೀ ಟ್ರಾಫಿಕ್ ಇಲಾಖೆದಾಕಿ.”

“ನಾ ಜಾಮ್ ಬಿಡಸಾಕಿ ಅಪ್ಪಾ, ಮಾಡಾಕಿ ಅಲ್ಲ.”

“ಬಿಡಸಾಕ ಬರೋರಿಗೆ ಮಾಡಾಕೂ ಬರತೈತಿ. ಒಂದು ತಾಸು ಈ ಗಲ್ಲಿ ತುಂಬಿರಬೇಕು. ಹೆಂಗ ಅಂತ ಹೇಳು.”

ಸುಳ್ಳು ಯಾಕೆ, ನನಗೂ ಆಸೆ ಹುಟ್ಟಿತು. ಜೀವನವಿಡೀ ಬೇರೆಯವರು ಮಾಡಿದ ಜಾಮಿನಲ್ಲಿ ಕೂತವಳಿಗೆ ಸ್ವಂತದ್ದೊಂದು ಜಾಮ್ ಮಾಡುವ ಅವಕಾಶ. ಕಿರಾಣಿ ಅಂಗಡಿಯ ತಿರುವಿನಲ್ಲಿ ನೀರಿನ ಟ್ಯಾಂಕರು ಅಡ್ಡ ನಿಲ್ಲಬೇಕು, ಅದರ ಹಿಂದೆ ಮೂರು ಕಾರು, ಸಂದುಗೊಂದಿನಲ್ಲಿ ಸ್ಕೂಟರುಗಳು, ಎದುರಿನಿಂದ ತರಕಾರಿ ಗಾಡಿ ಎಂದು ಹೇಳಿಕೊಟ್ಟೆ. ಹೇಳಿ ಅಡುಗೆಮನೆಗೆ ಹೋದರೆ ಅವ್ವ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬದನೆಕಾಯಿ ಆರಿಸುತ್ತಿದ್ದಳು. ಈ ಸಾಹೇಬರು ಜಾಮ್ ನೋಡಿ ಹೌದೆಂದು ತಲೆಯಾಡಿಸಿ ಹೋದರೆ ಆ ಊಟದ ಹಾಲ್ ಏಳುವುದಿಲ್ಲ, ಅವಳ ಕೈಗೆ ಬಿಡುಗಡೆ ಇಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

“ಅವ್ವಾ, ನಾ ಯಾರ ಕಡೆ ಅಂತ ಕೇಳಬ್ಯಾಡ,” ಎಂದೆ.

“ನೀ ಯಾರ ಕಡೆನರ ಇರು,” ಎಂದಳು. “ನಾಳೆ ನಿಮ್ಮಪ್ಪ ಊಟಕ್ಕ ಮನ್ಯಾಗ ಇರ್ತಾರೋ ಇಲ್ಲೋ ಅಷ್ಟು ಹೇಳು. ಎಣ್ಣಿಗಾಯಿ ಮಾಡಬೇಕಂತ ಮಾಡೀನಿ.”

ಮರುದಿನ ರಜೆ ಹಾಕಿದೆ. ಹತ್ತು ಗಂಟೆಗೆಲ್ಲ ಗಲ್ಲಿ ತುಂಬಿಕೊಂಡಿತು. ಆಹಾ, ಏನು ಜಾಮ್ ಅದು! ಗಚ್ಚಿಬೌಲಿಯ ಸರ್ಕಲ್ಲಿನಲ್ಲೂ ಅಂಥದ್ದು ಕಂಡಿರಲಿಲ್ಲ. ಟ್ಯಾಂಕರು ಅಡ್ಡ ನಿಂತು ತೊಟತೊಟ ನೀರು ಸುರಿಸುತ್ತಿತ್ತು. ತೆಲುಗು ಅಂಕಲ್ಲು ಮಳೆಗಾಲದಲ್ಲೂ ಹೊರಗೆ ತೆಗೆಯದ ತಮ್ಮ ಕಾರನ್ನು ತಂದು ನಿಲ್ಲಿಸಿ, ಒರೆಸುವ ಬಟ್ಟೆ ಹಿಡಿದು ಕೂತಿದ್ದರು. ಸ್ಕೂಟರುಗಳ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡ ಹಿರಿಯರು ಸಾಲಾಗಿ ಕೂತು ಆಗೊಮ್ಮೆ ಈಗೊಮ್ಮೆ ಹಾರ್ನ್ ಒತ್ತುತ್ತಿದ್ದರು. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಪಾಪ, ನಿಜವಾಗಿ ಹೋಗಬೇಕಾಗಿದ್ದ ಗ್ಯಾಸ್ ಸಿಲಿಂಡರಿನ ಆಟೋದವನೊಬ್ಬ ನಡುವೆ ಸಿಕ್ಕಿಕೊಂಡು ದಖನಿಯಲ್ಲಿ, ಅಂದರೆ ಹೈದರಾಬಾದಿ ಉರ್ದುವಿನಲ್ಲಿ, ಎಲ್ಲರ ವಂಶ ಜಾಲಾಡುತ್ತಿದ್ದ.

“ನೋಡು, ಎಷ್ಟು ಚಂದ ಜಾಮ್ ಆಗೇತಿ,” ಎಂದ ಅಪ್ಪ. ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಅವನು ಅಷ್ಟು ಖುಷಿಯಾಗಿದ್ದದ್ದು ನಾನು ಕಾಣೆ.

ಹತ್ತೂವರೆ ಆಯಿತು, ಹನ್ನೊಂದಾಯಿತು. ಸಾಹೇಬರ ಪತ್ತೆ ಇಲ್ಲ. ತೆಲುಗು ಅಂಕಲ್ಲು ಫೋನ್ ಹಚ್ಚಿದರೆ, ಹೊರಟು ಬಹಳ ಹೊತ್ತಾಯಿತು, ಫ್ಲೈಓವರ್ ಕಟ್ಟುವ ಕಡೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದರಂತೆ. ಟ್ರಾಫಿಕ್ ನೋಡಲು ಹೊರಟ ಮನುಷ್ಯ ಟ್ರಾಫಿಕ್ಕಿನಲ್ಲಿ ಕೂತಿದ್ದ! ಬಿಸಿಲೇರಿತು. ಹಾರ್ನುಗಳು ಕ್ಷೀಣವಾದವು. ಒಬ್ಬರು ಸ್ಕೂಟರಿನ ಮೇಲೆಯೇ ನಿದ್ದೆ ಹೋದರು. ತರಕಾರಿಯವನು ಜಾಮಿನಲ್ಲಿದ್ದವರಿಗೇ ಸೌತೆಕಾಯಿ ಮಾರಿ ಮುಗಿಸಿದ.

ಹನ್ನೆರಡಕ್ಕೆ ಕಾರ್ಖಾನೆಯ ಸೈರನ್ನು ಕೂಗಿತು.

ಇದನ್ನು ನಾನು ಹೇಗೆ ಮರೆತೆನೋ ನನಗೇ ತಿಳಿಯದು. ಆ ಸೈರನ್ನೆಂದರೆ ಊಟದ ಸೈರನ್ನು. ಈ ಮಂದಿ ಇಡೀ ನೌಕರಿಯುದ್ದ ಅದು ಕೂಗಿದೊಡನೆ ಕೈಲಿದ್ದದ್ದನ್ನು ಅಲ್ಲೇ ಇಟ್ಟು ಎದ್ದವರು. ರಿಟೈರ್ ಆಗಿದ್ದು ಅವರು, ಅವರ ಹೊಟ್ಟೆಯಲ್ಲ. ಸೈರನ್ ಕೂಗಿದರೆ ಆ ಕಾಲೊನಿಯ ಪ್ರತಿ ಮನೆಯಲ್ಲೂ ಆಗಲೂ ತಾಟಿನ ಸಪ್ಪಳವಾಗುತ್ತಿತ್ತು. ನಿದ್ದೆ ಹೋದವರು ಎಚ್ಚರಾದರು. ಒಂದೆರಡು ಸ್ಕೂಟರು ಗುರುಗುಟ್ಟಿದವು.

ಅಪ್ಪ ಎರಡೂ ಕೈ ಎತ್ತಿ ರಸ್ತೆಗೆ ಅಡ್ಡ ನಿಂತ. “ಯಾರೂ ಕದಲಬ್ಯಾಡ್ರಿ! ಎವರೂ ಕದಲೊದ್ದು! ಸಾಹೇಬ ಬಂದ ಅಂತ ತಿಳೀರಿ!” ಎಂದು ಎರಡೂ ಭಾಷೆಯಲ್ಲಿ ಕೂಗಿದ. ಅಪ್ಪನ ಮುಖ ನೋಡಿ ಎಲ್ಲರೂ ಎಂಜಿನ್ ಆರಿಸಿದರು. ಜಾಮ್ ಉಳಿಯಿತು.

ಆಗ ಅವ್ವ ಗೇಟಿಗೆ ಬಂದು ನಿಂತಳು. ಕೈಯೆಲ್ಲ ಹಿಟ್ಟು. ಅವಳ ಹಿಂದಿನಿಂದ ಎಣ್ಣೆಗಾಯಿಯ ವಾಸನೆ ಇಡೀ ಗಲ್ಲಿಗೆ ಬಂತು. ಅವಳೇನೂ ದನಿ ಎತ್ತಲಿಲ್ಲ.

“ಏನ್ರಿ, ಹಂಚು ಕಾದೈತಿ. ರೊಟ್ಟಿ ಹಾಕೀನಿ.”

“ಐದು ಮಿನಿಟು ತಡಿ.”

“ನಾ ತಡೀತೀನ್ರಿ. ರೊಟ್ಟಿ ತಡ್ಯಂಗಿಲ್ಲ. ಡಬ್ಬಿಗೆ ಹಾಕಿ ಇಡಲೇನು?”

ಡಬ್ಬಿ ಎಂಬ ಮಾತು ಕೇಳಿದ್ದೇ ಅಪ್ಪನ ಎತ್ತಿದ ಕೈ ತಾನೇ ಇಳಿಯಿತು. ಟ್ಯಾಂಕರ್ ನೋಡಿದ, ರಸ್ತೆಯ ತುದಿ ನೋಡಿದ, ಅವ್ವನನ್ನು ನೋಡಿದ. “ಎರಡು ತುತ್ತು ತಿಂದು ಬಂದ್ಬಿಡ್ತೀನಿ,” ಎಂದು ಯಾರಿಗೋ ಹೇಳಿ, ಸ್ಕೂಟರು ಒದ್ದು, ಇಂಡಿಕೇಟರ್ ಮಿಣುಕಿಸುತ್ತಾ ಹತ್ತು ಹೆಜ್ಜೆ ದೂರದ ನಮ್ಮ ಗೇಟಿನೊಳಗೆ ಹೋದ. ಮುಂದಾಳೇ ಹೋದ ಮೇಲೆ ಇನ್ನು ಯಾರ ದಾಕ್ಷಿಣ್ಯ? ಕಾರುಗಳು ಹಿಂದೆ ಸರಿದವು, ಸ್ಕೂಟರುಗಳು ಚದುರಿದವು, ಟ್ಯಾಂಕರಿನವನೂ ಹಸಿವೆಂದು ಹೊರಟುಬಿಟ್ಟ. ಸಿಲಿಂಡರಿನವನು ಕೊನೆಯದಾಗಿ ಒಂದು ಬೈಗುಳ ಒಗೆದು ಹೋದ. ಜಾಗ ಖಾಲಿಯಾಗಿದ್ದು ನೋಡಿ ನಾಯಿ ಬಂದು ತನ್ನ ಜಾಗದಲ್ಲಿ ಮಲಗಿತು.

ಸಾಹೇಬರ ಜೀಪು ಬಂದದ್ದು ಆಗ. ಬೆವರಿನಲ್ಲಿ ತೊಯ್ದು ಇಳಿದ ಅವರು, ಕೈಯಲ್ಲಿ ಅರ್ಜಿ ಹಿಡಿದು ರಸ್ತೆಯನ್ನು ಆ ಕಡೆಯಿಂದ ಈ ಕಡೆವರೆಗೆ ನೋಡಿದರು. ಇಡೀ ಗಲ್ಲಿಯಲ್ಲಿ ಇದ್ದವಳು ನಾನೊಬ್ಬಳೇ.

“ಟ್ರಾಫಿಕ್ ಎಕ್ಕಡಮ್ಮಾ?” ಟ್ರಾಫಿಕ್ಕು ಎಲ್ಲಮ್ಮಾ ಎಂದು ತೆಲುಗಿನಲ್ಲಿ ಕೇಳಿದರು.

ನನಗೆ ಬೇರೇನೂ ತೋಚಲಿಲ್ಲ. “ಭೋಜನಾನಿಕಿ ವೆಳ್ಳಿಂದಿ ಸಾರ್,” ಎಂದೆ. ಟ್ರಾಫಿಕ್ಕು ಊಟಕ್ಕೆ ಹೋಗಿದೆ ಎಂಬುದು ಆ ಹೊತ್ತಿಗೆ ಅಪ್ಪಟ ಸತ್ಯವಾಗಿತ್ತು. ಆ ಮನುಷ್ಯ ನಗಲಿಲ್ಲ, ನಗುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು, ಒಂದು ಚಂಬು ಮಜ್ಜಿಗೆ ಹಿಡಿದುಕೊಂಡು. ಹಂಚಿನ ಮೇಲೆ ರೊಟ್ಟಿ ಬಿಟ್ಟು ಅವ್ವ ಎದ್ದು ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಳಗಿನಿಂದ ಅಪ್ಪ, “ಏ, ರೊಟ್ಟಿ ಹೊತ್ತಾಕತ್ತೈತಿ!” ಎಂದು ಕೂಗುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಸಾಹೇಬರು ಮಜ್ಜಿಗೆ ಕುಡಿದು ಮುಗಿಸುವವರೆಗೆ ಕಾದು, ತನ್ನ ಹರಕು ದಖನಿಯಲ್ಲಿ ಕೇಳಿದಳು: “ಸಾಬ್, ವಹಾಂ ಖಾನೇ ಕಾ ಹಾಲ್ ಪಹಲೇ ಬನಾತೇ, ಕಿ ಘರಾಂ ಪಹಲೇ ಬನಾತೇ?” ಊಟದ ಹಾಲ್ ಮೊದಲೋ, ಮನೆಗಳು ಮೊದಲೋ. ಸಾಹೇಬರು ಅವಳ ಹಿಟ್ಟಿನ ಕೈಯನ್ನೂ ಸುತ್ತಿದ ಬಟ್ಟೆಯನ್ನೂ ನೋಡಿದರು. “ಅದು ಬಿಲ್ಡರಿಗೆ ಗೊತ್ತಮ್ಮಾ,” ಎಂದರು ತೆಲುಗಿನಲ್ಲಿ. “ರಸ್ತೆಯಂತೂ ಚೆನ್ನಾಗಿದೆ. ಇಷ್ಟು ಶಾಂತವಾದ ರಸ್ತೆ ನಾನು ನೋಡಿ ಎಷ್ಟು ಕಾಲವಾಯಿತೋ.”

ಅಪ್ಪ ಎಣ್ಣೆಗಾಯಿ ಮೆತ್ತಿದ ಕೈಯಲ್ಲೇ ಗೇಟಿಗೆ ಓಡಿ ಬಂದಾಗ ಜೀಪು ತಿರುಗುತ್ತಿತ್ತು. “ಸಾರ್! ಟ್ರಾಫಿಕ್ ಚೂಡಂಡಿ ಸಾರ್!” ಎಂದು ಕೈ ಬೀಸಿದ. ಟ್ರಾಫಿಕ್ ನೋಡಿ ಎಂದು ಅವನು ತೋರಿಸಿದ ಕಡೆ ನಾಯಿ ಮಗ್ಗುಲು ಬದಲಿಸಿತು.

ಅದಾದ ಮೇಲೆ ಅಪ್ಪ ಬಹಳ ದಿನ ಸೈರನ್ನಿಗೆ ಬೈದ, ಫ್ಲೈಓವರಿಗೆ ಬೈದ, ನನಗಂತೂ ಬೈದೇ ಬೈದ. ಅವ್ವನಿಗೆ ಒಂದೇ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ, ರೊಟ್ಟಿಗಾಗಿ ತಾನೇ ಮೊದಲು ಜಾಮ್ ಬಿಟ್ಟು ಹೋದ ಸುದ್ದಿ ಎತ್ತಬೇಕಾಗುತ್ತಿತ್ತು.

ಪರವಾನಗಿ ಸಿಕ್ಕಿತು, ಕಟ್ಟಡ ಏಳತೊಡಗಿತು. ಟ್ರಾಫಿಕ್ಕು ನಿಜವಾಗಿ ಬಂದದ್ದು ಆಗಲೇ. ಮರಳಿನ ಲಾರಿ, ಸಿಮೆಂಟಿನ ಲಾರಿ ಓಡಾಡಿ ಗಲ್ಲಿಯ ಡಾಂಬರು ಎದ್ದುಹೋಯಿತು. ಅಪ್ಪ ಪ್ರತಿ ಲಾರಿಗೂ ಎದ್ದು ಬಂದು, “ನಾ ಹೇಳಿದ್ದಿಲ್ಲೇನು?” ಎಂದು ಕಂಪೌಂಡಿಗೆ ಹೇಳುತ್ತಿದ್ದ. ಅವ್ವ ಮಾತ್ರ ದಿನಾ ಸಂಜೆ ಮೂಗಿಗೆ ಸೆರಗು ಹಿಡಿದು, ಊಟದ ಹಾಲ್‌ನ ಗೋಡೆ ಎಷ್ಟು ಎದ್ದಿದೆ ಎಂದು ನೋಡಿ ಬರುತ್ತಿದ್ದಳು. ಅಲ್ಲಿ ಇಟ್ಟಿಗೆ ಹೊರಲು ಬಂದಿದ್ದ ಯಾದಗಿರಿಯ ಕಡೆಯ ಹೆಣ್ಣುಮಕ್ಕಳು ಅವಳಿಗೆ ಗೆಳತಿಯರಾದರು. ಕೆಲಸ ಮುಗಿದ ಮೇಲೆ ಅವರಲ್ಲೊಬ್ಬಳು ಅದೇ ಹಾಲ್‌ನ ಅಡುಗೆಗೆ, ರೊಟ್ಟಿ ಬಡಿಯಲು ನೌಕರಿ ಹಿಡಿದಳು.

ನನಗೆ ತಡೆಯಲಾಗಲಿಲ್ಲ. “ಅಲ್ಲವ್ವಾ, ಆಕಿ ಕೈ ನೋಯಂಗಿಲ್ಲೇನು?” ಎಂದೆ.

ಅವ್ವ ನನ್ನನ್ನೇ ದಿಟ್ಟಿಸಿ ನೋಡಿದಳು. “ನೋಯತೈತಿ. ಆದ್ರ ಆಕಿಗೆ ಪಗಾರ ಐತಿ, ವಾರಕ್ಕೊಂದು ಸೂಟಿ ಐತಿ. ನನಗ ಎರಡೂ ಇದ್ದಿಲ್ಲ.” ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಅಷ್ಟರಲ್ಲಿ ಅವ್ವ ನನ್ನ ಪಗಾರದಿಂದ ಮುಂಗಡ ಕಟ್ಟಿಸಿ ಅಲ್ಲೊಂದು ಮನೆಗೆ ಹೆಸರು ಬರೆಸಿದ್ದಳು. ಮನೆಗಳು ತಯಾರಾದ ದಿನ ಅಪ್ಪ ತನ್ನ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಹಟ ಹಿಡಿದ. ಅವ್ವ ಸೀರೆ ಮಡಚಿ ಟ್ರಂಕಿಗೆ ತುಂಬುತ್ತಲೇ ಹೇಳಿದಳು: “ನಾ ಹೋಗಾಕಿ. ನೀವು ಬರೋದಿದ್ರ ಬರ್ರಿ. ಇಲ್ಲಂದ್ರ ಇಲ್ಲೇ ಮಗಳ ಕೈಯಾನ ರೊಟ್ಟಿ ತಿಂದ್ಕೊಂಡು ಇರ್ರಿ.” ಅಪ್ಪ ನನ್ನ ಕೈಗಳನ್ನು ಒಮ್ಮೆ ನೋಡಿದ. ಸಂಜೆಯೊಳಗೆ ಅವನ ಕುರ್ಚಿ, ಗೋಡೆ ಗಡಿಯಾರ, ಸ್ಕೂಟರು ಎಲ್ಲ ಗಲ್ಲಿಯ ಕೊನೆಗೆ ಹೋದವು. ಹಂಚನ್ನು ಅವ್ವ ಹಳೆಯ ಮನೆಯಲ್ಲೇ, ನನ್ನ ಹತ್ತಿರ ಬಿಟ್ಟಳು.

ಮೊದಲ ಶನಿವಾರದ ಊಟಕ್ಕೆ ನನ್ನನ್ನೂ ಕರೆದಿದ್ದರು. ಹನ್ನೆರಡಕ್ಕೆ ಸೈರನ್ ಕೂಗಿದ್ದೇ ತಡ, ಅಷ್ಟೂ ಮನೆಗಳ ಬಾಗಿಲು ಒಟ್ಟಿಗೆ ತೆರೆದವು. ಕಾಲೊನಿಯ ಅರ್ಧ ಮಂದಿ ಅಷ್ಟರಲ್ಲಿ ಅಲ್ಲೇ ಸೇರಿಕೊಂಡಿದ್ದರು. ಕೋಲು, ವಾಕರು, ಗಾಲಿಕುರ್ಚಿ, ತೆಲುಗು ಅಂಕಲ್ಲಿನ ಹೊಟ್ಟೆ, ಎಲ್ಲ ಹಾಲ್‌ನ ಬಾಗಿಲಲ್ಲಿ ಸಿಕ್ಕಿಕೊಂಡು ಯಾರೂ ಹಿಂದೆ ಮುಂದೆ ಹೋಗುವಂತಿರಲಿಲ್ಲ. ಎಲ್ಲರಿಗಿಂತ ಮುಂದೆ ಅಪ್ಪ. “ಟ್ರಾಫಿಕ್ಕಾಗತೈತಿ ಅಂತ ನಾ ಅವತ್ತ ಹೇಳೀನಿ!” ಎಂದು ಬಾಗಿಲಿಗೆ ಅಡ್ಡ ನಿಂತೇ ಕೂಗಿದ.

ಒಳಗೆ ಕೂತೆವು. ಅವ್ವನಿಗೆ ಕೂರಲು ಬರಲಿಲ್ಲ. ಅಪ್ಪನ ತಾಟಿನಲ್ಲಿ ರೊಟ್ಟಿ ಮುಗಿಯುತ್ತಾ ಬಂದಂತೆ ಅರ್ಧ ಎದ್ದಳು. ಬಡಿಸುತ್ತಿದ್ದ ಯಾದಗಿರಿಯ ಹೆಣ್ಣುಮಗಳು ಭುಜ ಒತ್ತಿ, “ಕುಂದರ್ರಿ ಅವ್ವಾರ, ಈಗ ನಿಮ್ಮದಲ್ಲ ಪಾಳಿ,” ಎಂದು ಕೂರಿಸಿದಳು. ಅವ್ವನ ಕೈಗಳು ತೊಡೆಯ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತವು.

ಅಪ್ಪನಿಗೆ ಕಾಯಲಾಗಲಿಲ್ಲ. ಗೊಣಗುತ್ತಾ ತಾನೇ ಎದ್ದು ಹಂಚಿನ ಹತ್ತಿರಕ್ಕೇ ಹೋಗಿ ನಿಂತ. ಜೀವಮಾನದಲ್ಲಿ ಮೊದಲ ಬಾರಿ ಅವನು ರೊಟ್ಟಿಗಾಗಿ ನಡೆದದ್ದು. ಎರಡು ರೊಟ್ಟಿ ಹಿಡಿದುಕೊಂಡು ಬಂದ. ಅವ್ವ ಮುಖವೆತ್ತಿ ನೋಡಿದಳು. ಅವನು ಎರಡನ್ನೂ ತನ್ನ ತಾಟಿಗೇ ಹಾಕಿಕೊಂಡು ಕೂತ.

ಅವ್ವ ಕೈ ಚಾಚಿ ಅವನ ತಾಟಿನಿಂದ ಒಂದನ್ನು ಎತ್ತಿಕೊಂಡಳು. ಅಪ್ಪ ಬಾಯಿ ತೆರೆದ, ಅವಳು ಅವನ ಕಡೆ ನೋಡಲಿಲ್ಲ. ಮುರಿದು ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು.

“ಬಿಸಿ ಐತಿ,” ಎಂದಳು.